ಕಲ್ನಾರು ತಪಾಸಣೆಗೆ ಮುನ್ನ: ಎಲ್ಲ ಬಾಗಿಲೂ ತೆರೆದಿರಲಿ, ಏನನ್ನೂ ಕೆದಕಬೇಡಿ

ಯಾರೋ ಕಟ್ಟಡ ನೋಡಲು ಬರುತ್ತಾರೆ ಎಂದ ಕೂಡಲೇ ನಮ್ಮ ಕೈ ಪೊರಕೆಯತ್ತ ಹೋಗುತ್ತದೆ. ಬಾಯ್ಲರ್ ಕೋಣೆಯ ಮೂಲೆಯಲ್ಲಿ ಬಿದ್ದ ಬಿಳಿ ಪುಡಿ ಗುಡಿಸಿಬಿಡೋಣ, ಪೈಪಿನಿಂದ ಜೋತುಬಿದ್ದ ಹರಕು ಸುತ್ತು ಕಿತ್ತು ಹಾಕೋಣ, ಒಡೆದ ಸೀಲಿಂಗ್ ಹಲಗೆ ಬದಲಿಸೋಣ ಅನ್ನಿಸುತ್ತದೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೇ ಎಂದು ಪರೀಕ್ಷಿಸಲು ಬರುವವರಿದ್ದಾಗ ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿಲ್ಲ. ಆ ಪುಡಿಯಲ್ಲೇ ಕಲ್ನಾರು ಇದ್ದರೆ ಒಂದು ಸಲ ಪೊರಕೆ ಆಡಿಸಿದ್ದಕ್ಕೆ ಅದರ ನಾರು ಕೋಣೆಯ ಗಾಳಿಗೆಲ್ಲ ಬೆರೆಯುತ್ತದೆ. ಮನುಷ್ಯನ ಕೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಶ್ವಾಸಕೋಶದ ಆಳಕ್ಕೆ ಇಳಿಯುವ ಕಲ್ನಾರಿನ ಎಳೆ ಹಲವು ಸಲ ಒಂದು ಮೈಕ್ರಾನ್‌ಗಿಂತಲೂ ತೆಳು. ಕಣ್ಣಿಗೆ ಕಾಣದು, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಅದನ್ನು ಒಂದು ಕಡೆ ಎಳೆದುಕೊಂಡು ಹಿಂಬದಿಯಿಂದ ಕೋಣೆಗೇ ಉಗುಳುತ್ತದೆ. ಈ ನಾರಿನಿಂದ ಬರುವ, ಶ್ವಾಸಕೋಶದ ಹೊರಪೊರೆಯ ಮೆಸೊಥೆಲಿಯೋಮದಂಥ ಕ್ಯಾನ್ಸರ್ ತಲೆ ಎತ್ತುವುದು ಸಾಮಾನ್ಯವಾಗಿ 20ರಿಂದ 50 ವರ್ಷಗಳ ನಂತರ. ಹೀಗಾಗಿ ಇವತ್ತು ಗುಡಿಸಿದವರಿಗೆ ಇವತ್ತು ಏನೂ ಗೊತ್ತಾಗುವುದಿಲ್ಲ.

ಆರೋಗ್ಯದ ಮಾತು ಹಾಗಿರಲಿ, ತಪಾಸಣೆಯೂ ಕೆಡುತ್ತದೆ. ಬಿದ್ದ ಪುಡಿ, ಸೀಳಿದ ಸುತ್ತು, ಒಡೆದ ಅಂಚು ಇವೇ ತಪಾಸಕರಿಗೆ ಸುಳಿವು. ಪುಡಿ ಎಲ್ಲಿಂದ ಉದುರಿತು ಎಂದು ತಲೆ ಎತ್ತಿ ನೋಡಿದಾಗಲೇ ತೊಲೆಯ ಮೇಲಿನ ಲೇಪ ಕಣ್ಣಿಗೆ ಬೀಳುವುದು. ಗುಡಿಸಿ ಒರೆಸಿದ ನೆಲ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಸಿದ್ಧತೆ ಎಂದರೇನು? ತಪಾಸಕರು ಹೋಗಬೇಕಾದ ಪ್ರತಿ ಜಾಗಕ್ಕೂ ದಾರಿ ಮಾಡಿಕೊಡುವುದು ಮತ್ತು ಅವರು ಬರುವವರೆಗೆ ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳುವುದು. ಬೀಗ ತೆಗೆಯದ ಒಂದು ಕೋಣೆ ವರದಿಯಲ್ಲಿ ‘ಪ್ರವೇಶ ಸಿಗಲಿಲ್ಲ’ ಎಂದು ದಾಖಲಾಗುತ್ತದೆ. ಆಮೇಲೆ ಆ ಕೋಣೆಯಲ್ಲಿ ಕಲ್ನಾರು ಇದೆ ಎಂದೇ ಭಾವಿಸಿಕೊಂಡು ನಡೆಯಬೇಕು, ಇಲ್ಲವೇ ಎರಡನೇ ಸಲ ಕರೆಸಿ ಮತ್ತೊಮ್ಮೆ ಹಣ ಕೊಡಬೇಕು.

ಯಾವ ತಪಾಸಣೆ ಎಂಬುದು ಮೊದಲು ತೀರ್ಮಾನವಾಗಲಿ

ಸಿದ್ಧತೆಯ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕಟ್ಟಡ ಈಗಿರುವಂತೆಯೇ ಬಳಕೆಯಲ್ಲಿ ಇರುತ್ತದೆ, ಬಲ್ಬು ಬದಲಿಸುವುದು, ನಲ್ಲಿ ರಿಪೇರಿಯಂಥ ದಿನನಿತ್ಯದ ಕೆಲಸ ಮಾತ್ರ ನಡೆಯುತ್ತದೆ ಎಂದಾದರೆ ನಿರ್ವಹಣಾ ತಪಾಸಣೆ ಸಾಕು. ಅದರಲ್ಲಿ ತಪಾಸಕರು ಕಣ್ಣಿಗೆ ಕಾಣುವುದನ್ನೂ ಸುಲಭವಾಗಿ ತೆರೆಯಬಹುದಾದ ಮುಚ್ಚಳ, ಬಾಗಿಲುಗಳ ಹಿಂದಿರುವುದನ್ನೂ ನೋಡುತ್ತಾರೆ, ಅನುಮಾನ ಬಂದ ಕಡೆ ಚಿಕ್ಕ ಮಾದರಿ ತೆಗೆಯುತ್ತಾರೆ. ಜನ ಕಟ್ಟಡದಲ್ಲಿ ಇದ್ದುಕೊಂಡೇ ಇದನ್ನು ಮಾಡಿಸಬಹುದು.

ಗೋಡೆ ಒಡೆಯುವುದು, ಇಡೀ ವೈರಿಂಗ್ ಬದಲಿಸುವುದು, ನೆಲಹಾಸು ಕೀಳುವುದು, ಶೌಚಾಲಯ ಹೊಸದಾಗಿ ಕಟ್ಟುವುದು, ಕಟ್ಟಡವನ್ನೇ ಕೆಡವುವುದು ಇವೆಲ್ಲದಕ್ಕೂ ಮುಂಚೆ ಆಗಬೇಕಾದ್ದು ಬೇರೆಯದೇ ತಪಾಸಣೆ. ಅದು ಕಟ್ಟಡವನ್ನು ಸೀಳಿ ನೋಡುವ ಕೆಲಸ. ಗೋಡೆಯಲ್ಲಿ ತೂತು ಬೀಳುತ್ತದೆ, ನೆಲದ ಹಲಗೆ ಏಳುತ್ತದೆ, ಬಾಗಿಲ ಚೌಕಟ್ಟಿನ ಹಿಂದೆ ಏನಿದೆ ಎಂದು ಬಗೆದು ನೋಡುತ್ತಾರೆ. ಆ ಭಾಗ ಪೂರ್ತಿ ಖಾಲಿ ಇರಬೇಕು. ಜನ ಮಾತ್ರವಲ್ಲ, ಪೀಠೋಪಕರಣ, ಕಡತ, ಕಂಪ್ಯೂಟರ್ ಕೂಡ ಹೊರಗೆ ಹೋಗಿರಬೇಕು. ಕೆಲಸ ಮುಗಿದು ಆ ಜಾಗ ಬಳಕೆಗೆ ಯೋಗ್ಯ ಎಂದು ತಪಾಸಕರು ಹೇಳುವವರೆಗೆ ಯಾರೂ ಒಳಗೆ ಹೋಗಬಾರದು.

ಅತಿ ಹೆಚ್ಚು ನಡೆಯುವ ತಪ್ಪು ಇಲ್ಲೇ ಇದೆ. ಕೆಲವು ವರ್ಷಗಳ ಹಿಂದೆ ಮಾಡಿಸಿದ ನಿರ್ವಹಣಾ ವರದಿಯನ್ನು ಕಪಾಟಿನಿಂದ ತೆಗೆದು ನವೀಕರಣದ ಗುತ್ತಿಗೆದಾರರ ಕೈಗೆ ಕೊಡುತ್ತಾರೆ. ವರದಿಯಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಅದನ್ನು ಬರೆದವರು ಗೋಡೆಯ ಹೊರಮೈ ನೋಡಿದ್ದರು, ಗುತ್ತಿಗೆದಾರರು ಗರಗಸ ಹಾಕುವುದು ಗೋಡೆಯ ಒಳಗೆ. ಎಂಥ ಕೆಲಸ ಆಗಲಿದೆ, ಯಾವ ಮಹಡಿ, ಯಾವ ಕೋಣೆ, ಎಷ್ಟು ಆಳದವರೆಗೆ ಎಂದು ಬರವಣಿಗೆಯಲ್ಲಿ ಕೊಟ್ಟು, ಅದಕ್ಕೆ ತಕ್ಕ ತಪಾಸಣೆ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ‘ಕಟ್ಟಡ ಪೂರ್ತಿ ನೋಡಿ’ ಎಂಬ ಮೂರು ಪದದ ಆದೇಶದಿಂದ ಯಾರಿಗೂ ಉಪಯೋಗವಿಲ್ಲ.

ಯಾರನ್ನು ಕರೆಸಬೇಕು

ಕಲ್ನಾರು ತೆಗೆಯುವ ಕಂಪನಿಯೇ ತಪಾಸಣೆಯನ್ನೂ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹೆಚ್ಚು ಸಿಕ್ಕಷ್ಟೂ ಅವರಿಗೆ ಹೆಚ್ಚು ಕೆಲಸ. ಪ್ರಾಮಾಣಿಕರೇ ಆಗಿದ್ದರೂ ಆ ಜಾಗದಲ್ಲಿ ಅವರನ್ನು ನಿಲ್ಲಿಸಬಾರದು. ತಪಾಸಕರಿಗೆ ನಿಮ್ಮ ದೇಶದ ಕಾನೂನು ಕೇಳುವ ಪರವಾನಗಿ ಅಥವಾ ತರಬೇತಿ ಇದೆಯೇ, ಮಾದರಿ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಐಎಸ್‌ಒ 17025 (ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆಯೇ, ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಕಲ್ನಾರು ಪರೀಕ್ಷೆ ಸೇರಿದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ: ನೀರು, ಮಣ್ಣಿನ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಲ್ನಾರಿನ ಮಾನ್ಯತೆಯೂ ಇರಲೇಬೇಕೆಂದಿಲ್ಲ.

ಕಾಗದಪತ್ರ ಹುಡುಕುವುದು

ತಪಾಸಣೆಗೆ ಎರಡು ವಾರ ಮುಂಚೆಯಾದರೂ ಇದನ್ನು ಶುರು ಮಾಡಿ. ಮೊದಲು ಬೇಕಾದ್ದು ಕಟ್ಟಡ ಎದ್ದ ವರ್ಷ. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಎಂಬ ಬಗೆಯ ಕಲ್ನಾರು 1985ರಲ್ಲಿ, ಬಿಳಿ ಎಂಬ ಬಗೆ 1999ರಲ್ಲಿ ನಿಷೇಧವಾಯಿತು. ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ, ಐರೋಪ್ಯ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಹೀಗೆ ಆಯಾ ದೇಶದ ಗಡಿ ವರ್ಷ ಗೊತ್ತಿದ್ದರೆ ತಪಾಸಕರು ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಎಂದು ಅಂದಾಜಿಸಬಹುದು. ಬಳಕೆ ಇನ್ನೂ ನಿಷೇಧವಾಗದ ದೇಶದಲ್ಲಾದರೆ ಕಟ್ಟಡ ಹೊಸದು ಎಂಬ ಒಂದೇ ಕಾರಣಕ್ಕೆ ನಿರಾಳರಾಗುವಂತಿಲ್ಲ.

ಕಟ್ಟಿದ ವರ್ಷದಷ್ಟೇ ಮುಖ್ಯ, ಆಮೇಲೆ ಏನೇನು ಬದಲಾಯಿತು ಎಂಬುದು. 1960ರ ದಶಕದ ಕಟ್ಟಡಕ್ಕೆ ನಿಷೇಧದ ನಂತರ ಹೊಸ ತೂಗುಸೀಲಿಂಗ್ ಹಾಕಿಸಿದ್ದರೆ ಕೆಳಗಿನಿಂದ ಕಾಣುವುದೆಲ್ಲ ನಿರಪಾಯಕಾರಿ. ಹಳೆಯದು ಮಾತ್ರ ಅದರ ಮೇಲೆ ಹಾಗೇ ಇರುತ್ತದೆ. ನೆಲಹಾಸೂ ಹೀಗೆಯೇ, ಒಂದರ ಮೇಲೊಂದು ಮೂರು ಪದರ ಇದ್ದರೆ ಅಡಿಯ ಪದರವೇ ಪ್ರಶ್ನೆ. ಆದ್ದರಿಂದ ಮೂಲ ನಕ್ಷೆ, ಸೇರ್ಪಡೆ ನಕ್ಷೆ, ದುರಸ್ತಿ ಬಿಲ್ಲು, ಬಾಯ್ಲರ್ ಮತ್ತು ಲಿಫ್ಟಿನ ಕೈಪಿಡಿ, ಬೆಂಕಿ ತಡೆ ಬಾಗಿಲುಗಳ ಪ್ರಮಾಣಪತ್ರ, ಹಿಂದಿನ ತಪಾಸಣೆ ವರದಿ, ಎಲ್ಲಾದರೂ ಕಲ್ನಾರು ತೆಗೆಸಿದ್ದರೆ ಅದರ ವಿಲೇವಾರಿ ದಾಖಲೆ ಎಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸಿ ವಾರ ಮೊದಲೇ ತಪಾಸಕರಿಗೆ ಕಳಿಸಿ. ‘ತೆಗೆಸಲಾಗಿದೆ’ ಎಂಬ ಹಳೆಯ ದಾಖಲೆಯನ್ನು ತಪಾಸಕರು ಪೂರ್ತಿ ನಂಬಬಾರದು, ನೀವೂ ನಂಬಬೇಡಿ. ಪೈಪಿನ ಸುತ್ತು ಕೆರೆದು ತೆಗೆದ ಕಡೆ ಗೋಡೆ ಕೊರೆದು ಹೋಗುವ ಜಾಗದಲ್ಲಿ, ಆಸರೆ ಕೊಂಡಿಗಳ ಹಿಂದೆ ಚೂರುಪಾರು ಉಳಿದಿರುವುದು ಮಾಮೂಲು.

ಕಾಗದದಲ್ಲಿ ಇಲ್ಲದ್ದು ಜನರ ನೆನಪಿನಲ್ಲಿ ಇರುತ್ತದೆ. ಕಟ್ಟಡದಲ್ಲಿ ಬಹಳ ಕಾಲ ಕೆಲಸ ಮಾಡಿದ ಎಲೆಕ್ಟ್ರಿಷಿಯನ್, ಪ್ಲಂಬರ್, ಕಾವಲುಗಾರರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿ. ಯಾವ ಗೋಡೆ ಆಮೇಲೆ ಬಂತು, ಯಾವ ಶಾಫ್ಟಿಗೆ (ಪೈಪು, ತಂತಿ ಮೇಲಿಂದ ಕೆಳಗೆ ಹಾಯುವ ಪೊಳ್ಳಿಗೆ) ಮುಚ್ಚಳ ಹೊಡೆದು ಬಣ್ಣ ಬಳಿದರು, ಹಳೆಯ ನೀರಿನ ಟ್ಯಾಂಕು ಎಲ್ಲಿದೆ ಎಂಬುದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಒಂದು ಸುತ್ತು, ಕೈ ಕಟ್ಟಿಕೊಂಡು

ನಕ್ಷೆಯ ಪ್ರತಿ ಹಿಡಿದು ಕೆಳಮಾಳಿಗೆಯಿಂದ ಚಾವಣಿವರೆಗೆ ನಡೆಯಿರಿ. ಟಾರ್ಚು, ಪೆನ್ನು, ಕ್ಯಾಮೆರಾ ಸಾಕು, ಸ್ಕ್ರೂಡ್ರೈವರ್ ಬೇಡ. ಪ್ರತಿ ಕೋಣೆಗೂ ಒಂದು ಸಂಖ್ಯೆ ಕೊಡಿ. ಕೋಣೆ ಎಂದರೆ ಜನ ಕೂರುವ ಕೋಣೆ ಮಾತ್ರವಲ್ಲ: ಮೆಟ್ಟಿಲ ಕೆಳಗಿನ ಗೂಡು, ಮೀಟರ್ ಪೆಟ್ಟಿಗೆ, ಪೈಪಿನ ಶಾಫ್ಟು, ಲಿಫ್ಟ್ ಯಂತ್ರದ ಕೋಣೆ, ನೆಲದಡಿಯ ಕಾಲುವೆ, ತೂಗುಸೀಲಿಂಗಿನ ಮೇಲಿನ ಪೊಳ್ಳು ಇವೆಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಸಂಖ್ಯೆ ಇಲ್ಲದ ಜಾಗ ಪಟ್ಟಿಯಿಂದ ತಪ್ಪುತ್ತದೆ, ಪಟ್ಟಿಯಿಂದ ತಪ್ಪಿದ್ದು ವರದಿಯಿಂದಲೂ ತಪ್ಪುತ್ತದೆ. ನಕ್ಷೆಯಲ್ಲಿ ಗೋಡೆಯ ದಪ್ಪ ಒಂದು, ಕಣ್ಣಿಗೆ ಕಾಣುವ ದಪ್ಪ ಇನ್ನೊಂದು ಆಗಿದ್ದರೆ ಗುರುತು ಹಾಕಿ. ನಡುವೆ ಏನನ್ನೋ ಮುಚ್ಚಿಟ್ಟಿರುತ್ತಾರೆ.

ಕಲ್ನಾರು ಇದೆಯೇ ಇಲ್ಲವೇ ಎಂದು ನೀವು ತೀರ್ಪು ಕೊಡಬೇಕಿಲ್ಲ, ಕೊಡಲೂ ಆಗದು. ಬಣ್ಣ ನೋಡಿ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಬಿಳಿ, ಕಂದು, ನೀಲಿ ಎಂಬುವು ಕ್ರೈಸೊಟೈಲ್, ಅಮೊಸೈಟ್, ಕ್ರಾಸಿಡೊಲೈಟ್ ಎಂಬ ಖನಿಜಗಳ ರೂಢಿಯ ಹೆಸರುಗಳು. ಸಿಮೆಂಟಿನಲ್ಲಿ ಕಲಸಿ, ಬಣ್ಣ ಬಳಿದು, ದಶಕಗಳ ಕಾಲ ಬಿಸಿ ತಾಗಿದ ಮೇಲೆ ಬಣ್ಣದಿಂದ ಏನೂ ತಿಳಿಯದು. ನಿಮ್ಮ ಕೆಲಸ ಅನುಮಾನದ ಜಾಗಗಳನ್ನು ಗುರುತು ಮಾಡುವುದು.

ಮೊದಲು ಪೈಪು ಮತ್ತು ಬಾಯ್ಲರ್. ಹಳೆಯ ಬಿಸಿನೀರಿನ ಪೈಪಿಗೆ ಸುತ್ತಿದ ಶಾಖನಿರೋಧಕ ನೋಡಲು ಸುಣ್ಣ ಮೆತ್ತಿದ ಕೈಗೆ ಪಟ್ಟಿ ಕಟ್ಟಿದಂತಿರುತ್ತದೆ. ಮೇಲೆ ಬಣ್ಣ ಹೊಡೆದ ಬಟ್ಟೆ, ಅದರಡಿಯಲ್ಲಿ ಸೀಮೆಸುಣ್ಣದಂತೆ ಪುಡಿಯಾಗುವ ಬೂದು ಬಿಳಿ ಗಾರೆ. ಮೊಣಕೈ ತಿರುವುಗಳಲ್ಲಿ, ವಾಲ್ವಿನ ಸುತ್ತ ಅದನ್ನು ಕೈಯಿಂದ ಮೆತ್ತಿದ ಬೆರಳ ಗುರುತು ಕೂಡ ಕೆಲವೆಡೆ ಕಾಣುತ್ತದೆ. ನೇರ ಪೈಪಿನ ಮೇಲೆ ಗಾಜಿನ ನಾರು ಇದ್ದು ತಿರುವುಗಳಲ್ಲಿ ಮಾತ್ರ ಕಲ್ನಾರಿನ ಗಾರೆ ಇರುವ ಕಟ್ಟಡಗಳು ಬೇಕಾದಷ್ಟಿವೆ. ಹಾಗಾಗಿ ಪೈಪಿನ ಉದ್ದಕ್ಕೂ ನಡೆದು ಪ್ರತಿ ತಿರುವನ್ನೂ ಗುರುತಿಸಿ.

ಉಕ್ಕಿನ ತೊಲೆ, ಕಂಬಗಳ ಮೇಲೆ ಸಿಂಪಡಿಸಿದ, ಹತ್ತಿಯಂತೆ ಕಾಣುವ ಲೇಪ ಎಲ್ಲಕ್ಕಿಂತ ಅಪಾಯದ್ದು. ಅದರಲ್ಲಿ ಕಲ್ನಾರಿನ ಪಾಲು ಶೇ 85ರವರೆಗೂ ಇರಬಹುದು, ಬೆರಳು ಸೋಕಿದರೆ ಉದುರುತ್ತದೆ. ಕಟ್ಟಡದಲ್ಲಿ ಅಂಥದ್ದಿದೆ ಎಂಬ ಅನುಮಾನವಿದ್ದರೆ ತೂಗುಸೀಲಿಂಗಿನ ಒಂದು ಹಲಗೆಯನ್ನೂ ಎತ್ತಿ ನೋಡಬೇಡಿ. ವರ್ಷಗಳಿಂದ ಉದುರಿದ್ದೆಲ್ಲ ಆ ಹಲಗೆಯ ಬೆನ್ನ ಮೇಲೆ ಕೂತಿರುತ್ತದೆ, ಎತ್ತಿದವರ ಮುಖಕ್ಕೇ ಸುರಿಯುತ್ತದೆ. ವಿಭಜಕ ಗೋಡೆ, ಶಾಫ್ಟಿನ ಮುಚ್ಚಳ, ಬೆಂಕಿ ತಡೆ ಬಾಗಿಲಿನೊಳಗೆ ಬಳಸಿದ ನಿರೋಧಕ ಹಲಗೆಯಲ್ಲಿ ಸುಮಾರು ಶೇ 15ರಿಂದ 40ರಷ್ಟು ಕಲ್ನಾರು ಇರುತ್ತದೆ. ನೋಡಲು ಸಾಮಾನ್ಯ ಪ್ಲಾಸ್ಟರ್ ಬೋರ್ಡಿನಂತೆಯೇ ಇರುವುದರಿಂದ ಮೋಸ ಹೋಗುವವರು ಇದರಲ್ಲೇ ಹೆಚ್ಚು.

ಸಿಮೆಂಟ್ ಶೀಟು, ಮಳೆನೀರಿನ ಪೈಪು, ಹೊಗೆ ಕೊಳವೆ, ಹಳೆಯ ನೀರಿನ ಟ್ಯಾಂಕುಗಳಲ್ಲಿ ಪಾಲು ಸಾಮಾನ್ಯವಾಗಿ ಶೇ 10ರಿಂದ 15. ನಾರು ಸಿಮೆಂಟಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುವುದರಿಂದ, ಒಡೆಯದೆ ಕೊರೆಯದೆ ಇದ್ದರೆ ಅಪಾಯ ಕಡಿಮೆ. ಉಳಿದವನ್ನು ಪಟ್ಟಿಯಲ್ಲಿ ಮರೆಯಬೇಡಿ: ವಿನೈಲ್ ನೆಲಹಾಸಿನ ಚೌಕಗಳು ಮತ್ತು ಅವುಗಳಡಿಯ ಕಪ್ಪು ಅಂಟು, ಉಬ್ಬುತಗ್ಗಿನ ಅಲಂಕಾರಿಕ ಲೇಪ, ಹಳೆಯ ಫ್ಯೂಸ್ ಬೋರ್ಡಿನ ಹಿಂದಿನ ಹಲಗೆ, ಬಾಯ್ಲರ್ ಬಾಗಿಲಿನ ಹಗ್ಗದಂಥ ಸೀಲು, ಪೈಪಿನ ಚಾಚುಪಟ್ಟಿಗಳ ನಡುವಿನ ಗ್ಯಾಸ್ಕೆಟ್, ಗಾಳಿ ಕೊಳವೆಗಳನ್ನು ಜೋಡಿಸುವ ಬಟ್ಟೆಯ ಪಟ್ಟಿ, ಕಿಟಕಿಯ ಪುಟ್ಟಿ, ಚಾವಣಿಯ ಡಾಂಬರು ಹಾಳೆ, ಸಿಂಕಿನ ತಳಕ್ಕೆ ಬಳಿದ ಕಪ್ಪು ಲೇಪ, ಶೌಚಾಲಯದ ಹಳೆಯ ಫ್ಲಶ್ ತೊಟ್ಟಿ, ಲಿಫ್ಟಿನ ಬ್ರೇಕು.

ಸುತ್ತು ಹಾಕುವಾಗ ಒಡೆದ, ಉದುರುತ್ತಿರುವ ಜಾಗ ಕಂಡರೆ ಅಲ್ಲಿಗೇ ನಿಲ್ಲಿ. ಬಾಗಿಲು ಮುಚ್ಚಿ, ಬೀಗ ಹಾಕಿ, ಆ ಕೋಣೆಗೆ ಗಾಳಿ ಬಿಡುವ ಯಂತ್ರ ನಿಲ್ಲಿಸಿ, ‘ಒಳಗೆ ಹೋಗಬೇಡಿ’ ಎಂದು ಚೀಟಿ ಅಂಟಿಸಿ, ಅವತ್ತೇ ತಪಾಸಕರಿಗೆ ತಿಳಿಸಿ. ತಪಾಸಣೆಯ ದಿನದವರೆಗೆ ಕಾಯಬೇಡಿ.

ಬೀಗ, ವಿದ್ಯುತ್ತು, ಬಿಸಿ, ಎತ್ತರ

ಈಗ ನಿಮ್ಮ ಪಟ್ಟಿಯ ಪ್ರತಿ ಸಾಲಿನ ಮುಂದೆ ಒಳಗೆ ಹೋಗಲು ಏನು ಬೇಕು ಎಂದು ಬರೆಯಿರಿ. ಕೀಲಿಕೈ ಯಾರ ಬಳಿ ಇದೆ, ಯಾವ ಏಣಿ ಬೇಕು, ಯಾವ ಸ್ವಿಚ್ಚು ಆರಿಸಬೇಕು. ಬೀಗದಕೈ ಗೊಂಚಲನ್ನು ಹಿಂದಿನ ದಿನವೇ ಪ್ರತಿ ಬಾಗಿಲಿಗೂ ಹಾಕಿ ತಿರುಗಿಸಿ ನೋಡಿ. ತುಕ್ಕು ಹಿಡಿದ ಬೀಗ, ಕಳೆದುಹೋದ ಕೀಲಿ ಹಿಂದಿನ ದಿನ ಗೊತ್ತಾದರೆ ಬೀಗದವರನ್ನು ಕರೆಸಬಹುದು. ಬೆಳಿಗ್ಗೆ ಹತ್ತಕ್ಕೆ ಗೊತ್ತಾದರೆ ಆ ಕೋಣೆ ‘ಪ್ರವೇಶ ಸಿಗಲಿಲ್ಲ’ ಪಟ್ಟಿಗೆ ಸೇರುತ್ತದೆ. ಬಣ್ಣ ಬಳಿದು ಮುಚ್ಚಿಹೋದ ಮುಚ್ಚಳ, ಸ್ಕ್ರೂ ಹೊಡೆದ ಹಲಗೆ ಇದ್ದರೆ ನೀವಾಗಿ ಬಿಚ್ಚಿಡಬೇಡಿ. ಆ ಹಲಗೆಯೇ ಕಲ್ನಾರಿನದ್ದಾಗಿರಬಹುದು. ಪಟ್ಟಿಯಲ್ಲಿ ‘ಬಿಚ್ಚಬೇಕು’ ಎಂದಷ್ಟೇ ಬರೆಯಿರಿ, ತಪಾಸಕರೇ ತಕ್ಕ ರಕ್ಷಣೆಯೊಂದಿಗೆ ಬಿಚ್ಚುತ್ತಾರೆ.

ಬಾಯ್ಲರನ್ನು ಹಿಂದಿನ ಸಂಜೆಯೇ ಆರಿಸಿ. ಸುಡುವ ಪೈಪಿನ ಮೇಲಿಂದ ಮಾದರಿ ತೆಗೆಯಲು ಬರುವುದಿಲ್ಲ. ತೇವಮಾಡಲು ಸಿಂಪಡಿಸಿದ ನೀರು ಆವಿಯಾಗಿ ಹೋಗುತ್ತದೆ, ಕೈಯೂ ಸುಡುತ್ತದೆ. ಫ್ಯೂಸ್ ಬೋರ್ಡು, ಹಳೆಯ ಹೀಟರು, ಲಿಫ್ಟ್ ಶಾಫ್ಟು ನೋಡಬೇಕಾದ ಹೊತ್ತಿನಲ್ಲಿ ಅರ್ಹ ಎಲೆಕ್ಟ್ರಿಷಿಯನ್ ಮತ್ತು ಲಿಫ್ಟ್ ನಿರ್ವಹಣೆಯವರು ಅಲ್ಲೇ ಇರಬೇಕು, ವಿದ್ಯುತ್ ಕಡಿದು ಸ್ವಿಚ್ಚಿಗೆ ಬೀಗ ಮತ್ತು ಚೀಟಿ ಹಾಕಬೇಕು. ತಪಾಸಕರು ವಿದ್ಯುತ್ ಹರಿಯುತ್ತಿರುವ ಬೋರ್ಡನ್ನು ಬಿಚ್ಚುವುದಿಲ್ಲ, ಬಿಚ್ಚಬಾರದು ಕೂಡ. ಗಾಳಿ ಬೀಸುವ ಯಂತ್ರ, ಹವಾನಿಯಂತ್ರಣ ಮಾದರಿ ತೆಗೆಯುವ ಭಾಗದಲ್ಲಿ ಪೂರ್ತಿ ನಿಂತಿರಲಿ. ಫ್ಯಾನು ಸಹ ಬೇಡ. ಹೊಗೆ ಪತ್ತೆ ಅಲಾರಂ ಇರುವ ಕಡೆ ಅದರ ಹೊಣೆ ಹೊತ್ತವರಿಗೆ ಮುಂಚಿತವಾಗಿ ತಿಳಿಸಿ. ಧೂಳಿಗೆ ಅದು ಕೂಗಿಕೊಂಡರೆ ಇಡೀ ಕಟ್ಟಡ ಖಾಲಿಯಾಗಿ ಅರ್ಧ ದಿನ ವ್ಯರ್ಥ.

ಚಾವಣಿಯ ವಿಷಯದಲ್ಲಿ ಯಾವ ರಾಜಿಯೂ ಬೇಡ. ಹಳೆಯ ಸಿಮೆಂಟ್ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಬೋಲ್ಟಿನ ಸಾಲಿನ ಮೇಲೆ, ಅಂದರೆ ಅಡಿಯಲ್ಲಿ ತೊಲೆ ಇರುವ ಕಡೆ, ನಡೆದರೆ ತಡೆಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಒಂದು ಹೆಜ್ಜೆ ತಪ್ಪಿದರೆ ಶೀಟು ಮುನ್ಸೂಚನೆ ಇಲ್ಲದೆ ಮುರಿದು ಮನುಷ್ಯ ಕೆಳಗಿನ ಕಾಂಕ್ರೀಟಿಗೆ ಬೀಳುತ್ತಾನೆ. ಕಲ್ನಾರಿನ ರೋಗಕ್ಕೆ ದಶಕಗಳು ಬೇಕು. ಈ ಸಾವಿಗೆ ಒಂದು ಕ್ಷಣ ಸಾಕು. ಎತ್ತುವ ವೇದಿಕೆ ಅಥವಾ ಸರಿಯಾದ ಅಟ್ಟಣಿಗೆ ಬಾಡಿಗೆಗೆ ತರಿಸಿ, ಅದು ನಿಲ್ಲಲು ಗಟ್ಟಿ ನೆಲ ಖಾಲಿ ಮಾಡಿಡಿ. ನೆಲದಡಿಯ ಕಾಲುವೆ, ಟ್ಯಾಂಕಿನ ಒಳಗಿನಂಥ ಇಕ್ಕಟ್ಟಿನ ಜಾಗಗಳಿದ್ದರೆ ಮೊದಲೇ ಹೇಳಿ. ಗಾಳಿ ಪರೀಕ್ಷೆ ಮಾಡದೆ ಅಲ್ಲಿಗೆ ಇಳಿಯುವಂತಿಲ್ಲ.

ಸಾಮಾನು ಸರಿಸುವುದು ಸರಳ ಕೆಲಸ ಎನ್ನಿಸಿದರೂ ಅದಕ್ಕೊಂದು ಮಿತಿ ಇದೆ. ಗೋಡೆಯಿಂದ ಒಂದು ಮೀಟರಿನಷ್ಟು ಜಾಗ ಬಿಟ್ಟು ಕಪಾಟು, ಪೆಟ್ಟಿಗೆ ಎಳೆದಿಡಿ. ಶಾಫ್ಟಿನ ಬಾಗಿಲು, ನೆಲದ ಮುಚ್ಚಳಗಳ ಮೇಲೇನೂ ಇರದಿರಲಿ. ಆದರೆ ಒಡೆದ ಹಲಗೆಗೆ ಒರಗಿಸಿಟ್ಟ ವಸ್ತು, ಪುಡಿ ಬಿದ್ದ ಪೆಟ್ಟಿಗೆ, ನೆಲಕ್ಕೆ ಅಂಟಿಸಿದ ಕಾರ್ಪೆಟ್ ಇವುಗಳಿಗೆ ಕೈ ಹಾಕಬೇಡಿ. ಕಾರ್ಪೆಟ್ ಎಳೆದರೆ ಅಡಿಯ ವಿನೈಲ್ ಚೌಕಗಳು ಅಂಟಿನ ಸಮೇತ ಕಿತ್ತು ಬರುತ್ತವೆ.

ಕಟ್ಟಡದಲ್ಲಿರುವವರಿಗೆ ಹೇಳುವುದು

ಮುಖಗವಸು, ಬಿಳಿ ಮೇಲಂಗಿ ತೊಟ್ಟ ಇಬ್ಬರು ಏಣಿ ಹತ್ತಿದ್ದನ್ನು ಕಂಡ ಕೂಡಲೇ ಕಟ್ಟಡದಲ್ಲಿ ಗುಲ್ಲೇಳುತ್ತದೆ. ಒಂದು ವಾರ ಮೊದಲೇ ಸರಳ ಮಾತಿನಲ್ಲಿ ಬರೆದು ತಿಳಿಸಿ: ಯಾವ ದಿನ, ಯಾವ ಮಹಡಿ, ಎಷ್ಟು ಹೊತ್ತು, ಏಕೆ. ಮಾದರಿ ತೆಗೆಯುವವರು ವಸ್ತುವನ್ನು ಕೆದಕುವುದರಿಂದ ಅವರಿಗೆ ರಕ್ಷಣೆ ಬೇಕು ಎಂಬುದನ್ನು ಹೇಳಿ. ಒಡೆಯದ, ಮುಚ್ಚಿದ ಸ್ಥಿತಿಯಲ್ಲಿರುವ ಕಲ್ನಾರು ತಾನಾಗಿ ಗಾಳಿಗೆ ಬರುವುದಿಲ್ಲ ಎಂಬುದನ್ನೂ ಹೇಳಿ. ಸುಮ್ಮನೆ ‘ಗಾಬರಿ ಬೇಡ’ ಎಂದರೆ ಯಾರೂ ನಂಬುವುದಿಲ್ಲ, ಕಾರಣ ಕೊಟ್ಟರೆ ನಂಬುತ್ತಾರೆ. ಆ ಹೊತ್ತಿನಲ್ಲಿ ಕೋಣೆ ಬಿಟ್ಟುಕೊಡಬೇಕಾದವರಿಗೆ ಬೇರೆ ಜಾಗ ಗೊತ್ತುಮಾಡಿ. ಶಾಲೆಯಾದರೆ ರಜೆಯ ದಿನ, ಕಚೇರಿಯಾದರೆ ಕೆಲಸ ಮುಗಿದ ನಂತರ ಇಟ್ಟುಕೊಳ್ಳಿ. ಶುಚಿ ಮಾಡುವ ಸಿಬ್ಬಂದಿಗೆ ಪ್ರತ್ಯೇಕವಾಗಿ, ಬಾಯಿಮಾತಿನಲ್ಲಿ ಹೇಳಿ: ಗುರುತು ಹಾಕಿದ ಜಾಗಗಳಲ್ಲಿ ಗುಡಿಸುವುದು, ಉಜ್ಜುವುದು ಬೇಡ. ಸೂಚನಾ ಫಲಕದ ಕಾಗದ ಅವರನ್ನು ತಲುಪದೆ ಹೋಗುವುದುಂಟು, ಪೊರಕೆ ಇರುವುದು ಅವರ ಕೈಯಲ್ಲೇ.

ತಪಾಸಣೆಯ ದಿನ

ಕಟ್ಟಡ ಬಲ್ಲ ಒಬ್ಬರು ದಿನವಿಡೀ ತಪಾಸಕರ ಜೊತೆಗಿರಲಿ, ಬೀಗದಕೈ ಗೊಂಚಲು ಅವರ ಬಳಿಯೇ ಇರಲಿ. ಮಾದರಿ ತೆಗೆಯುವಾಗ ಮಾತ್ರ ಅವರು ಕೋಣೆಯಿಂದ ಹೊರಗೆ ನಿಲ್ಲಬೇಕು.

ಮಾದರಿ ಹೇಗೆ ತೆಗೆಯುತ್ತಾರೆ ಎಂದು ಗೊತ್ತಿದ್ದರೆ ಸರಿಯಾಗಿ ನಡೆಯುತ್ತಿದೆಯೇ ಎಂದು ನಿಮಗೂ ತಿಳಿಯುತ್ತದೆ. ಪೈಪಿನ ಸುತ್ತನ್ನೇ ತೆಗೆದುಕೊಳ್ಳಿ. ಮೊದಲು ಅಡಿಯಲ್ಲಿ ಪಾಲಿಥೀನ್ ಹಾಳೆ ಹಾಸುತ್ತಾರೆ. ಸೋಪು ದ್ರಾವಣ ಬೆರೆಸಿದ ನೀರನ್ನು ಸಿಂಪಡಿಸಿ ಜಾಗ ನೆನೆಸುತ್ತಾರೆ. ಬರೀ ನೀರು ಮೇಲೇ ಜಾರಿಹೋಗುತ್ತದೆ, ಸೋಪು ಸೇರಿದರೆ ಒಳಕ್ಕೆ ಇಳಿಯುತ್ತದೆ. ಆಮೇಲೆ ಕೊಳವೆಯಂಥ ಕೊರೆಯುವ ಉಪಕರಣವನ್ನು ಮೆಲ್ಲಗೆ ತಿರುಗಿಸುತ್ತ ಲೋಹದ ಪೈಪು ತಾಗುವವರೆಗೆ ಇಳಿಸುತ್ತಾರೆ. ಮೇಲಿನ ಪದರದಲ್ಲಿ ಇಲ್ಲದ್ದು ಅಡಿಯ ಪದರದಲ್ಲಿ ಇರಬಹುದಾದ್ದರಿಂದ ಪೂರ್ತಿ ದಪ್ಪ ಬರಲೇಬೇಕು. ಹಲಗೆ, ಶೀಟುಗಳಾದರೆ 3ರಿಂದ 5 ಚದರ ಸೆಂಟಿಮೀಟರಿನ ಚೂರು ಸಾಕು, ಅದನ್ನು ಮೂಲೆಯಿಂದ ಅಥವಾ ಈಗಾಗಲೇ ಒಡೆದ ಅಂಚಿನಿಂದ ತೆಗೆಯುತ್ತಾರೆ. ಚೂರು ಒಂದು ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ. ಮೇಲೆ ಸಂಖ್ಯೆ, ಅದೇ ಸಂಖ್ಯೆ ನಕ್ಷೆಯಲ್ಲೂ ಫೋಟೊದಲ್ಲೂ. ತೂತಿಗೆ ಮುಚ್ಚುವ ಗಾರೆ ಅಥವಾ ಟೇಪು, ಉಪಕರಣಕ್ಕೆ ಒದ್ದೆ ಬಟ್ಟೆಯ ಒರಸು, ಆ ಬಟ್ಟೆಯೂ ಕಲ್ನಾರಿನ ಕಸದ ಚೀಲಕ್ಕೆ. ಎರಡು ಮಾದರಿಗಳ ನಡುವೆ ಉಪಕರಣ ಒರೆಸದಿದ್ದರೆ ಮೊದಲನೆಯದರ ನಾರು ಎರಡನೆಯದಕ್ಕೆ ಅಂಟಿ, ಇಲ್ಲದ ಕಡೆ ‘ಇದೆ’ ಎಂಬ ಫಲಿತಾಂಶ ಬರುತ್ತದೆ. ಒಣಗಿದ್ದಂತೆಯೇ ಕೆರೆಯುವುದು, ಚೀಲಕ್ಕೆ ಸಂಖ್ಯೆ ‘ಆಮೇಲೆ’ ಹಾಕುವುದು ಕಂಡರೆ ಕೆಲಸ ನಿಲ್ಲಿಸಲು ಹೇಳಿ. ಆ ಹಕ್ಕು ನಿಮಗಿದೆ.

ಎಷ್ಟು ಮಾದರಿ ಎಂಬುದರಲ್ಲಿ ಉಳಿತಾಯಕ್ಕೆ ಇಳಿಯುವವರು ಬಹಳ. ಬಣ್ಣ, ಮೇಲ್ಮೈ, ಹಾಕಿದ ಕಾಲ ಒಂದೇ ಆಗಿರುವ ಭಾಗವನ್ನು ಏಕರೂಪದ ಭಾಗ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ಶಾಲಾ ಕಟ್ಟಡಗಳ ನಿಯಮದಲ್ಲಿ ಸಿಂಪಡಿಸಿದ ಅಥವಾ ಮೆತ್ತಿದ ಲೇಪಕ್ಕೆ ಅಂಥ ಪ್ರತಿ ಭಾಗದಲ್ಲಿ 1,000 ಚದರಡಿವರೆಗೆ ಕನಿಷ್ಠ 3, 5,000 ಚದರಡಿವರೆಗೆ 5, ಅದಕ್ಕೂ ಮೇಲೆ 7 ಮಾದರಿ. ಪೈಪಿನ ಸುತ್ತಿಗೆ ಬ್ರಿಟಿಷ್ ಮಾರ್ಗಸೂಚಿ ಪ್ರತಿ 3 ಮೀಟರಿಗೆ ಒಂದು ಮಾದರಿ ಹೇಳುತ್ತದೆ, 20 ಮೀಟರಿಗಿಂತ ಉದ್ದದ ಪೈಪಿಗೆ ಪ್ರತಿ 6 ಮೀಟರಿಗೆ ಒಂದು. ಇಷ್ಟು ಏಕೆಂದರೆ ಆ ಗಾರೆಯನ್ನು ಅಲ್ಲೇ ಬಕೆಟ್ಟಿನಲ್ಲಿ ಕೈಯಿಂದ ಕಲಸಿದ್ದು. ಒಂದು ಬಕೆಟ್ಟಿನಲ್ಲಿ ಇದ್ದದ್ದು ಮುಂದಿನದರಲ್ಲಿ ಇರಲಿಲ್ಲ. ಇಪ್ಪತ್ತು ಮೀಟರ್ ಪೈಪಿಗೆ ಒಂದೇ ಮಾದರಿ ತೆಗೆದು ‘ಇಲ್ಲ’ ಎಂದರೆ ಆ ಮಾತಿಗೆ ಬೆಲೆಯಿಲ್ಲ. ‘ಇದೆ’ ಎನ್ನುವುದಕ್ಕೆ ಮಾತ್ರ ಒಂದೇ ಸಾಕು: ಒಂದರಲ್ಲಿ ಸಿಕ್ಕರೆ ಏಕರೂಪದ ಆ ಇಡೀ ಭಾಗವೂ ಕಲ್ನಾರಿನದ್ದೇ ಎಂದು ಲೆಕ್ಕ.

ತಪಾಸಕರು ಹೋದ ಮೇಲೆ

ಅವರು ಹೊರಡುವ ಮುನ್ನ ಪಟ್ಟಿ ಹಿಡಿದು ಜೊತೆಯಲ್ಲಿ ಒಂದು ಸುತ್ತು ಹಾಕಿ. ಪ್ರತಿ ತೂತೂ ಮುಚ್ಚಿದೆಯೇ, ಹಾಸಿದ ಹಾಳೆ ಒಳಮುಖವಾಗಿ ಮಡಚಿ ಚೀಲಕ್ಕೆ ಹೋಗಿದೆಯೇ, ಪುಡಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಅವರೇ ಒದ್ದೆ ಬಟ್ಟೆ ಅಥವಾ ಕಲ್ನಾರಿಗೆಂದೇ ಇರುವ, ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ ತೆಗೆಯಬೇಕು. ಬಾಯ್ಲರ್, ಗಾಳಿ ಯಂತ್ರ, ವಿದ್ಯುತ್ತನ್ನು ಈ ಸುತ್ತು ಮುಗಿದ ಮೇಲಷ್ಟೇ ಮತ್ತೆ ಹಾಕಿ.

ವರದಿ ಬಂದಾಗ ‘ಇದೆ’ ಎಂಬ ಪಟ್ಟಿಗಿಂತ ಮೊದಲು ‘ಪ್ರವೇಶ ಸಿಗಲಿಲ್ಲ’ ಪಟ್ಟಿ ಓದಿ, ನಿಮ್ಮ ಕೋಣೆ ಸಂಖ್ಯೆಗಳ ಜೊತೆ ಒಂದೊಂದಾಗಿ ತಾಳೆ ಹಾಕಿ. ನೋಡಿದ ಜಾಗಗಳಲ್ಲೂ ಈ ಪಟ್ಟಿಯಲ್ಲೂ ಇಲ್ಲದ ಸಂಖ್ಯೆ ಇದ್ದರೆ ಆ ಜಾಗಕ್ಕೆ ಯಾರೂ ಹೋಗಿಲ್ಲ ಎಂದೇ ಅರ್ಥ. ಹಣದ ಕೊನೆಯ ಕಂತು ಕೊಡುವ ಮುನ್ನ ಕೇಳಿ. ವಿನೈಲ್ ನೆಲಹಾಸಿನ ಮಾದರಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಯಾವ ವಿಧಾನದಿಂದ ನೋಡಿದರು ಎಂದು ಕೇಳಿ. ಮಾಮೂಲಿಯಾಗಿ ಬಳಸುವ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಆ ಚೌಕಗಳಲ್ಲಿನ ಅತಿ ತೆಳು ನಾರು ಕಾಣದೆ ಹೋಗುತ್ತದೆ. ಅಂಥ ‘ಇಲ್ಲ’ವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಂಡ ಮೇಲೆ ನೆಲಕ್ಕೆ ಕೈ ಹಾಕುವುದು ಕ್ಷೇಮ.

ಮಾದರಿ ತೆಗೆಯದೆಯೇ ‘ಇದೆಯೆಂದು ಭಾವಿಸಲಾಗಿದೆ’ ಎಂದು ಬರೆದ ವಸ್ತುಗಳನ್ನು ‘ಇದೆ’ ಎಂದೇ ನಡೆಸಿಕೊಳ್ಳಿ. ವರದಿಯ ನಕ್ಷೆಯ ಒಂದು ಪ್ರತಿಯನ್ನು ಕಚೇರಿಯ ಕಪಾಟಿನಲ್ಲಿ ಇಡುವ ಬದಲು ದುರಸ್ತಿಗೆ ಬರುವವರು ಸಹಿ ಹಾಕುವ ಪುಸ್ತಕದ ಪಕ್ಕದಲ್ಲಿ ತೂಗುಹಾಕಿ. ಡ್ರಿಲ್ ಹಿಡಿದು ಬಂದವರು ಅದನ್ನು ನೋಡಿ ಸಹಿ ಮಾಡಿದ ಮೇಲೆಯೇ ಕೋಣೆಯ ಕೀಲಿ ಅವರ ಕೈಗೆ ಹೋಗಲಿ.